ಹೂಗ್ಲಿಯ ಎರಡನೆಯ ಸೇತುವೆ

ರೈಲು ನಿಲ್ದಾಣ ಹೌರಾದಲ್ಲಿ. ಕಚೇರಿ, ನ್ಯಾಯಾಲಯ, ದೊಡ್ಡ ಮಾರುಕಟ್ಟೆಗಳು ಕಲ್ಕತ್ತೆಯಲ್ಲಿ. ನಡುವೆ ಹೂಗ್ಲಿ. 1874ರಲ್ಲಿ ಇಲ್ಲಿ ಕಟ್ಟಿದ್ದು ತೇಲುವ ಸೇತುವೆ. ಹಡಗುಗಳಿಗೆ ದಾರಿ ಬಿಡಲು ಅದನ್ನು ಆಗಾಗ ಬಿಚ್ಚಬೇಕಿತ್ತು. ಅದರ ಜಾಗಕ್ಕೆ 1943ರಲ್ಲಿ ಹೌರಾ ಸೇತುವೆ ಬಂದಿತು. ದೇಶವಿಭಜನೆಯ ನಂತರ ನಗರ ಬೆಳೆದ ಪರಿಗೆ ಅದೊಂದೇ ಸಾಲದಾಯಿತು.

ಎರಡನೆಯ ಸೇತುವೆಗೆ ಇಂದಿರಾ ಗಾಂಧಿಯವರು 1972ರ ಮೇ 20ರಂದು ಶಂಕುಸ್ಥಾಪನೆ ಮಾಡಿದರು. ಕಾಮಗಾರಿ ನಿಜವಾಗಿ ಆರಂಭವಾದದ್ದು 1979ರಲ್ಲಿ. ವಾಹನಗಳು ಓಡಿದ್ದು 1992ರ ಅಕ್ಟೋಬರಿನಲ್ಲಿ. ಕಡತಗಳ ನಡುವೆಯೇ ಆಯುಷ್ಯ ಸವೆಸುತ್ತಿರುವ ನನ್ನಂಥವರಿಗೆ ಈ ಇಪ್ಪತ್ತು ವರ್ಷ ಆಶ್ಚರ್ಯ ಹುಟ್ಟಿಸುವುದಿಲ್ಲ. ಆದರೆ ವಿಳಂಬದ ಕಥೆಯನ್ನಷ್ಟೇ ಹೇಳಿ ನಕ್ಕು ಮುಗಿಸುವುದು ಅನ್ಯಾಯ.

ವಿನ್ಯಾಸ ಜರ್ಮನಿಯ ಯೋರ್ಗ್ ಶ್ಲಾಯ್ಖ್ ಅವರ ಸಂಸ್ಥೆಯದು. ಎತ್ತರದ ಗೋಪುರಗಳ ತುದಿಯಿಂದ ಬೀಸಣಿಗೆಯಂತೆ ಹರಡಿದ ಉಕ್ಕಿನ ಹಗ್ಗಗಳು ರಸ್ತೆಯನ್ನು ಹಿಡಿದಿವೆ. ಅಂಥ ಸೇತುವೆಯ ಉಕ್ಕಿನ ಚೌಕಟ್ಟನ್ನು ಬೆಸುಗೆ ಹಾಕಿ ಕಟ್ಟುವುದು ಆಗಲೇ ಯುರೋಪಿನ ರೂಢಿ. ಇಲ್ಲಿ ಬೆಸುಗೆಗೆ ಒಗ್ಗುವ ಉಕ್ಕು ಸಿಗುವಂತಿರಲಿಲ್ಲ. ರಿವೆಟ್ ಬಡಿಯುವ ಕಸುಬು ಮಾತ್ರ ಜೀವಂತವಾಗಿತ್ತು. ಹೌರಾ ಸೇತುವೆಯನ್ನು ಕೂಡಿಸಿದ್ದೂ ಅದೇ ಕಸುಬು. ಹೀಗಾಗಿ ಹೊಸ ಬಗೆಯ ಸೇತುವೆಯೊಂದು ಹಳೆಯ ರಿವೆಟ್‌ಗಳಿಂದಲೇ ಎದ್ದು ನಿಂತಿತು. ಎರಡರ ನಡು ಅಂಕಣವೂ ಸುಮಾರು 457 ಮೀಟರ್. ಇದನ್ನು ಕೊರತೆಯೆನ್ನಲು ನನಗೆ ಮನಸ್ಸಿಲ್ಲ. ಕೈಗೆ ಬಂದ ವಿದ್ಯೆಯನ್ನು ನಂಬಿದ ವಿವೇಕವದು.

ಇಟ್ಟ ಹೆಸರು ಈಶ್ವರಚಂದ್ರ ವಿದ್ಯಾಸಾಗರರದು. ತಾಯಿಯ ಕರೆಗೆ ಓಗೊಟ್ಟು, ತುಂಬಿದ ದಾಮೋದರ ನದಿಯನ್ನು ಅವರು ಈಜಿ ದಾಟಿದರೆಂಬ ಕಥೆ ಬಂಗಾಳದಲ್ಲಿ ಮನೆಮಾತು. ಅದರ ಸತ್ಯಾಸತ್ಯ ಹೇಗೇ ಇರಲಿ, ಸೇತುವೆಗೆ ಇದಕ್ಕಿಂತ ಒಪ್ಪುವ ಹೆಸರು ಸಿಗುವುದು ಕಷ್ಟ. ನಮಗೂ ಅವರು ಹೊರಗಿನವರಲ್ಲ. ಶೇಕ್ಸ್‌ಪಿಯರನ ‘ಕಾಮಿಡಿ ಆಫ್ ಎರರ್ಸ್’ ನಾಟಕವನ್ನು ಅವರು ‘ಭ್ರಾಂತಿವಿಲಾಸ’ವೆಂಬ ಗದ್ಯಕಥೆಯಾಗಿಸಿದರು, ಅದನ್ನು ಬಿ. ವೆಂಕಟಾಚಾರ್ಯರು ಕನ್ನಡಕ್ಕೆ ತಂದರು. ಇಂಗ್ಲಿಷ್ ಎಂ.ಎ. ತರಗತಿಯಲ್ಲಿ ಆ ನಾಟಕ ಓದಿದ ನಮಗೆ ಈ ಬಂಗಾಳಿ ದಾರಿಯನ್ನು ಯಾರೂ ತೋರಿಸಲಿಲ್ಲ.

ಸೇತುವೆ ತೆರೆದ ಮೇಲೂ ಹೌರಾ ಬಹುಕಾಲ ಕಲ್ಕತ್ತೆಗೆ ದುಡಿಯಲು ಹೋಗುವವರ ಊರಾಗಿಯೇ ಉಳಿಯಿತು. 2013ರಲ್ಲಿ ರಾಜ್ಯದ ಸಚಿವಾಲಯ ರೈಟರ್ಸ್ ಬಿಲ್ಡಿಂಗ್‌ನಿಂದ ಹೌರಾ ಬದಿಯ ‘ನಬಾನ್ನ’ ಕಟ್ಟಡಕ್ಕೆ ಸ್ಥಳಾಂತರಗೊಂಡಿತು. ಅಂದಿನಿಂದ ಮಂತ್ರಿಗಳೂ ಗುಮಾಸ್ತರೂ ಬೆಳಿಗ್ಗೆ ಕಲ್ಕತ್ತೆಯಿಂದ ಹೊರಟು, ಇದೇ ಸೇತುವೆ ದಾಟಿ, ಹೌರಾದಲ್ಲಿ ಹಾಜರಿ ಹಾಕತೊಡಗಿದರು.