ಇಳಿಸುವವರು ಯಾರು?

ಕಳೆದ ತಿಂಗಳು ಬ್ರಹ್ಮಪುರದ ನಮ್ಮ ಮನೆಗೆ ಹಳೆಯ ವಿದ್ಯಾರ್ಥಿಯೊಬ್ಬ ಬಂದಿದ್ದ. ಚಹಾ ಕುಡಿಯುತ್ತ, “ಸರ್, ಹತ್ತನೇತ್ತಾದಾಗ ನಾ ಒಂದು ಪ್ರಶ್ನೆ ಕೇಳಿದ್ದೆ. ನೀವು ಉತ್ತರ ಹೇಳದೇ ಕೂಡ್ರಿಸಿಬಿಟ್ರಿ” ಎಂದು ನಕ್ಕ. ನನಗೆ ನಗು ಬರಲಿಲ್ಲ. ಆ ಪ್ರಶ್ನೆ ನನಗೂ ನೆನಪಿತ್ತು.

ಅದು 1996ರ ಜೂನ್. ಶ್ರೀ ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿದ್ದರು. ಕನ್ನಡಿಗರೊಬ್ಬರು ಆ ಪದವಿಗೇರಿದ ಹಿಗ್ಗಿನಲ್ಲಿ ನಾನು ತರಗತಿಯಲ್ಲಿ, ಪ್ರಜೆಗಳೇ ಪ್ರಧಾನಿಯನ್ನು ಆರಿಸುತ್ತಾರೆ ಎಂದು ಹೇಳಿಬಿಟ್ಟೆ. ಈ ಹುಡುಗ ಎದ್ದು ನಿಂತು, “ಗೌಡರು ಲೋಕಸಭೆಗೆ ನಿಂತೇ ಇಲ್ಲಲ್ರೀ ಸರ್, ಅವರಿಗೆ ಓಟು ಹಾಕಿದವರು ಯಾರು?” ಎಂದ. ಹುಡುಗ ಸರಿ, ನಾನು ತಪ್ಪು.

ಸಂವಿಧಾನದ 75ನೇ ವಿಧಿಯಂತೆ ಪ್ರಧಾನಿಯನ್ನು ನೇಮಿಸುವವರು ರಾಷ್ಟ್ರಪತಿಗಳು. ಸಂಸತ್ತಿನ ಸದಸ್ಯರಲ್ಲದವರೂ ಮಂತ್ರಿಯಾಗಬಹುದು. ಆರು ತಿಂಗಳೊಳಗೆ ಎರಡರಲ್ಲೊಂದು ಸದನದ ಸದಸ್ಯರಾಗದಿದ್ದರೆ ಪದವಿ ಹೋಗುತ್ತದೆ. ಗೌಡರು ಅದೇ ಸೆಪ್ಟೆಂಬರಿನಲ್ಲಿ ರಾಜ್ಯಸಭೆಯನ್ನು ಪ್ರವೇಶಿಸಿದರು. ಅವರ ಜನತಾದಳಕ್ಕಿದ್ದುದು 46 ಸ್ಥಾನಗಳು ಮಾತ್ರ. ಸಂಯುಕ್ತ ರಂಗದ ಮಿತ್ರಪಕ್ಷಗಳು, ಹೊರಗಿನಿಂದ ಕಾಂಗ್ರೆಸ್ಸು, ಹೀಗೆ ಬೇರೆಯವರ ಹೆಗಲ ಮೇಲೆ ಆ ಪಲ್ಲಕ್ಕಿ ನಿಂತಿತ್ತು.

ಆದರೆ ನೇಮಕದ ಪ್ರಶ್ನೆಗಿಂತ ದೊಡ್ಡ ಪ್ರಶ್ನೆಯನ್ನು ನಮ್ಮ ತಂದೆಯವರು ಕೇಳುತ್ತಿದ್ದರು. ಯಾರೇ ಹೊಸ ಪ್ರಧಾನಿಯಾದರೂ ಅವರದು ಒಂದೇ ಮಾತು: “ಇವನ್ನ ಇಳಿಸೋರು ಯಾರು?”

ಅವರು ನಿಜಾಮರ ಕಾಲದವರು. ಹೈದರಾಬಾದ್ ಸಂಸ್ಥಾನದಲ್ಲೂ ಪ್ರಧಾನಮಂತ್ರಿ ಇರುತ್ತಿದ್ದರು. ‘ಸದರ್-ಎ-ಆಜಂ’ ಎಂದು ಕರೆಯುತ್ತಿದ್ದರು. ಕೆಲವರು ಸಮರ್ಥರೇ. ಮೈಸೂರಿನಲ್ಲಿ 1926ರಿಂದ 1941ರವರೆಗೆ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲರು 1946ರಲ್ಲಿ ಅಲ್ಲಿಗೆ ಬಂದರು. ವರ್ಷ ತುಂಬುವುದರೊಳಗೆ ಬಿಟ್ಟು ಹೊರಟರು. ಅನಂತರ ಛತಾರಿಯ ನವಾಬರು, 1947ರ ಕೊನೆಗೆ ಮೀರ್ ಲಾಯಕ್ ಅಲಿ. ಯಾರು ಬಂದರೂ ಅವರು ಉತ್ತರ ಹೇಳಬೇಕಾಗಿದ್ದುದು ನಿಜಾಮರಿಗೆ, ಪ್ರಜೆಗಳ ಸಭೆಗಲ್ಲ. ಗಂಜಿನ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ನಮ್ಮ ತಂದೆ ರಜಾಕಾರರ ಭಯಕ್ಕೆ ತಾಯಿಯನ್ನೂ ತಂಗಿಯರನ್ನೂ ಸೊಲ್ಲಾಪುರದ ಬಂಧುಗಳಲ್ಲಿಗೆ ಕಳಿಸಿದ್ದರು. ‘ಇದೇನು ಆಡಳಿತ?’ ಎಂದು ಪ್ರಧಾನಿಯನ್ನು ಎದುರಿಗೆ ನಿಲ್ಲಿಸಿ ಕೇಳುವ ಜಾಗವೇ ಆ ರಾಜ್ಯದಲ್ಲಿರಲಿಲ್ಲ. 1948ರ ಸೆಪ್ಟೆಂಬರ್ 17ರಂದು ಲಾಯಕ್ ಅಲಿಯವರ ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು, ಅದೂ ಭಾರತದ ಸೇನೆ ಹೈದರಾಬಾದಿನ ಬಾಗಿಲಿಗೆ ಬಂದ ಮೇಲೆ.

ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನವರು ‘ಜವಾಬ್ದಾರಿ ಸರ್ಕಾರ’ ಬೇಕೆಂದು ಸೆರೆಮನೆಗೆ ಹೋದದ್ದು ಇದಕ್ಕಾಗಿಯೇ. ಅವರ ನಾಯಕರಾದ ಸ್ವಾಮಿ ರಮಾನಂದ ತೀರ್ಥರೂ ಒಂದು ಕಾಲಕ್ಕೆ ಶಾಲಾ ಮಾಸ್ತರರು (ಇದನ್ನು ಹೇಳಲು ನನಗೆ ತುಸು ಹೆಮ್ಮೆ). ಮೊದಲ ಮಹಾಚುನಾವಣೆಯಲ್ಲಿ ಅವರನ್ನು ಲೋಕಸಭೆಗೆ ಆರಿಸಿ ಕಳಿಸಿದ್ದು ನಮ್ಮ ಗುಲ್ಬರ್ಗಾ ಕ್ಷೇತ್ರ. ತಂದೆಯವರು ಜೀವನದಲ್ಲಿ ಹಾಕಿದ ಮೊದಲ ಓಟು ಅದು.

ಮಂತ್ರಿಮಂಡಲ ಸಾಮೂಹಿಕವಾಗಿ ಲೋಕಸಭೆಗೆ ಹೊಣೆ ಎಂಬ ಒಂದು ಸಾಲು 75ನೇ ವಿಧಿಯಲ್ಲಿಯೇ ಇದೆ. ನಾನು ವರ್ಷವರ್ಷವೂ ಅದನ್ನು ಕಂಠಪಾಠ ಮಾಡಿಸಿದೆ. ಅರ್ಥ ಮಾಡಿಸಿದೆನೋ ಇಲ್ಲವೋ. 1997ರ ಮಾರ್ಚ್ ಕೊನೆಗೆ ಕಾಂಗ್ರೆಸ್ಸು ಬೆಂಬಲ ಹಿಂತೆಗೆದುಕೊಂಡಿತು. ಏಪ್ರಿಲ್ 11ರಂದು ಗೌಡರು ಸದನದಲ್ಲಿ ವಿಶ್ವಾಸಮತ ಕೇಳಿದರು. ಪರವಾಗಿ 158, ವಿರುದ್ಧ 292. ಹತ್ತು ತಿಂಗಳು ದೇಶ ಆಳಿದವರು ಎದ್ದು ಹೊರಗೆ ಬಂದರು.

ನನಗೆ ಬಹಳ ಬೇಸರವಾಗಿತ್ತು. ಕನ್ನಡಿಗರಿಗೆ ಅನ್ಯಾಯವಾಯಿತೆಂದು ಮನೆಯಲ್ಲಿ ಕೂಗಾಡಿದೆ. ರೇಡಿಯೋ ಪಕ್ಕದಲ್ಲಿ ಕುಳಿತಿದ್ದ ತಂದೆಯವರು, “ನಮ್ಮವ ಹೋದದ್ದಕ್ಕ ನನಗೂ ಸಂಕಟ ಅದ. ಆದ್ರ ಎಣಿಸಿ ಇಳಿಸ್ಯಾರ. ನಾಳೆ ಗಂಜ್ ತೆರೀತದ, ಯಾರೂ ಊರು ಬಿಡಂಗಿಲ್ಲ” ಎಂದರು.

ಅಂದು ತರಗತಿಯಲ್ಲಿ ನಾನು ಕೊಡಬೇಕಾಗಿದ್ದ ಉತ್ತರ ಇದು. ಕೂಡ್ರಿಸಿದ್ದಕ್ಕೆ ಕ್ಷಮೆಯಿರಲಿ, ತಮ್ಮಾ. ಮುಂದಿನ ಸಲ ಬರುವಾಗ ಮಕ್ಕಳನ್ನೂ ಕರೆದುಕೊಂಡು ಬಾ.