ಹೆಸರಿನ ಮುಂದಿನ ಊರು

ನಾಮಪದಗಳಲ್ಲಿ ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂಬ ಭೇದಗಳುಂಟೆಂದು ವ್ಯಾಕರಣದ ಪಾಠದಲ್ಲಿ ಮಕ್ಕಳಿಗೆ ಹೇಳುತ್ತೇವೆ. ಊರು ಎಂಬುದು ರೂಢನಾಮ, ಹುಣಸೂರು ಎಂಬುದು ಅಂಕಿತನಾಮ. ಹೀಗೆ ಪಾಠ ಸಾಗಿದ್ದಾಗ ಒಬ್ಬ ಹುಡುಗನನ್ನು, "ನಿನ್ನ ಹೆಸರಿನ ಮುಂದೆ ಎಚ್ ಎಂದಿದೆಯಲ್ಲ, ಅದೇನಪ್ಪ?" ಎಂದು ಕೇಳಿದೆ. "ಇನಿಷಿಯಲ್, ಸಾರ್" ಎಂದ. "ಯಾವುದರ ಇನಿಷಿಯಲ್?" ಎಂದೆ. ಹುಡುಗ ತಲೆ ಕೆರೆದುಕೊಂಡು, "ನಮ್ಮ ತಾತನಿಗೆ ಗೊತ್ತಿತ್ತು, ಸಾರ್" ಎಂದ. ತರಗತಿಯೆಲ್ಲ ನಕ್ಕಿತು. ನನಗೆ ಮಾತ್ರ ನಗು ಬರಲಿಲ್ಲ.

ನಮ್ಮ ಮೈಸೂರು ಸೀಮೆಯಲ್ಲಿ ಹೆಸರಿನ ಮುಂದೆ ಎರಡಕ್ಷರಗಳಿದ್ದರೆ ಸಾಮಾನ್ಯವಾಗಿ ಮೊದಲನೆಯದು ಊರು, ಎರಡನೆಯದು ತಂದೆ. ಇವನ್ನು ಪೂರ್ತಿಯಾಗಿ ಬರೆದರೆ ಸಂದೇಹಕ್ಕೆ ಎಡೆಯಿಲ್ಲ. ಇಂಗ್ಲಿಷಿನ ಒಂದೊಂದು ಅಕ್ಷರಕ್ಕೆ ಇಳಿಸಿದಾಗ ತೊಡಕು ಹುಟ್ಟುತ್ತದೆ. ಹುಣಸೂರು, ಹನಗೋಡು, ಹಂಪಾಪುರ, ಹೆಗ್ಗಡದೇವನಕೋಟೆ, ಎಲ್ಲಕ್ಕೂ ಅದೇ ಎಚ್. ಬಿಳಿಕೆರೆ, ಬೆಟ್ಟದಪುರ, ಬೈಲಕುಪ್ಪೆ, ಮೂರಕ್ಕೂ ಅದೇ ಬಿ. ಇನ್ನು ಕೃಷ್ಣರಾಜನಗರದ ಹಳೆಯ ಮನೆತನದವರ ಹೆಸರಿನಲ್ಲಿ ವೈ ಎಂಬ ಅಕ್ಷರ ಕಂಡರೆ ಅದು ಎಡತೊರೆ ಇರಬಹುದು. ಪ್ರವಾಹದಿಂದ ನಲುಗಿದ ಎಡತೊರೆಗೆ ಬದಲಾಗಿ 1925-30ರ ಸುಮಾರಿನಲ್ಲಿ ಎದ್ದ ಪಟ್ಟಣವೇ ಕೃಷ್ಣರಾಜನಗರ. ಪಟ್ಟಣದ ಹೆಸರು ಹೊಸದಾದರೂ ಮನುಷ್ಯರ ಹೆಸರಿನಲ್ಲಿ ಹಳೆಯ ಊರು ಉಳಿಯಿತು.

ಊರನ್ನೂ ತಂದೆಯನ್ನೂ ಹೆಸರಿಗೆ ಕಟ್ಟಿಕೊಂಡವರು ನಾವಷ್ಟೇ ಅಲ್ಲ. ಯೂರೋಪಿನ ಉತ್ತರದಂಚಿನ ನಾರ್ವೆ ದೇಶದ ರೈತರಲ್ಲಿ ಇಂಥದೇ ಪದ್ಧತಿಯಿತ್ತು. ಹಾನ್ಸ್ ಎಂಬುವನ ಮಗ ಊಲೆ ಎಂದಿಟ್ಟುಕೊಳ್ಳಿ. ಅವನು ಊಲೆ ಹಾನ್ಸೆನ್, ಅಂದರೆ ಹಾನ್ಸನ ಮಗ. ಅವನ ತಂಗಿ ಹಾನ್ಸ್‌ಡಾಟರ್, ಹಾನ್ಸನ ಮಗಳು. ಅವರು ಉಳುವ ಜಮೀನಿಗೂ ಅದರೊಳಗಿನ ಮನೆಗೂ ಬಾಕ್ಕೆ ಎಂಬ ಹೆಸರಿದ್ದರೆ ಅವನು ಊಲೆ ಹಾನ್ಸೆನ್ ಬಾಕ್ಕೆ ಎನಿಸಿಕೊಂಡನು. ಬೇರೆ ಜಮೀನಿಗೆ ಒಕ್ಕಲು ಹೋದರೆ ಬಾಕ್ಕೆ ಬಿಟ್ಟುಹೋಗಿ ಹೊಸ ಜಮೀನಿನ ಹೆಸರು ಬಂದು ಕೂಡುತ್ತಿತ್ತು. ಹೆಣ್ಣಿನ ಮನೆಗೆ ಮನೆ ಅಳಿಯನಾಗಿ ಹೋದವನು ಆ ಜಮೀನಿನ ಹೆಸರಿಗೇ ಸೇರಿದನು. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕಕ್ಕೆ ವಲಸೆ ಹೋದ ಅಣ್ಣತಮ್ಮಂದಿರಲ್ಲಿ ಒಬ್ಬನು ತಂದೆಯ ಹೆಸರನ್ನೂ ಇನ್ನೊಬ್ಬನು ಜಮೀನಿನ ಹೆಸರನ್ನೂ ಹಿಡಿದದ್ದುಂಟು. 1923ರಲ್ಲಿ ಅಲ್ಲಿ ಕಾನೂನು ಬಂದು ಕುಟುಂಬಕ್ಕೆ ಸ್ಥಿರವಾದ ಒಂದು ಹೆಸರಿರಬೇಕೆಂದಾಯಿತು. ಆದ್ದರಿಂದ ಅಲ್ಲಿ ವಂಶವನ್ನು ಹುಡುಕುವವರು ಮೊದಲು ಕಲಿಯುವ ಪಾಠವೆಂದರೆ ಜಮೀನಿನ ಹೆಸರು ವಾಸಸ್ಥಳದ ಗುರುತು, ರಕ್ತಸಂಬಂಧದ ಗುರುತಲ್ಲ ಎಂಬುದು.

ಈ ಪಾಠ ನಮಗೂ ಸಲ್ಲುತ್ತದೆ. ಸಾಲಿಗ್ರಾಮದವರೆಲ್ಲ ನಂಟರಲ್ಲ. ಊರಿನಕ್ಷರ ಒಂದೇ ರೀತಿಯಲ್ಲಿ ನಡೆಯುವುದೂ ಇಲ್ಲ. ವಿಶ್ವೇಶ್ವರಯ್ಯನವರು ಹುಟ್ಟಿದ್ದು ಮುದ್ದೇನಹಳ್ಳಿಯಲ್ಲಿ. ಹೆಸರಿನಲ್ಲಿರುವುದು ಅವರ ಪೂರ್ವಿಕರು ಬಿಟ್ಟುಬಂದ, ಇಂದಿನ ಆಂಧ್ರಪ್ರದೇಶದ ಮೋಕ್ಷಗುಂಡಂ. ಕುವೆಂಪು ಅವರು 1904ರಲ್ಲಿ ಹುಟ್ಟಿದ್ದು ತಾಯಿಯ ತವರಾದ ಹಿರೇಕೊಡಿಗೆಯಲ್ಲಿ. ಹೆಸರಿಗೆ ಬಂದದ್ದು ತಂದೆಯ ಮನೆಯಿದ್ದ ಕುಪ್ಪಳಿ. ನಮ್ಮ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸರ ಹೆಸರಿನ ಮುಂದಿರುವುದು ಡಿ. ಅಲ್ಲಿ ಕಲ್ಲಹಳ್ಳಿಯನ್ನು ಹುಡುಕಿದರೆ ಸಿಕ್ಕದು. ಆದ್ದರಿಂದ ಅಕ್ಷರವನ್ನು ಕಂಡು ಊಹಿಸಬಾರದು, ಬಲ್ಲವರನ್ನು ಕೇಳಬೇಕು.

ಹೆಂಗಸರ ಹೆಸರಿನ ವಿಚಾರ ಇನ್ನೂ ಸೂಕ್ಷ್ಮ. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನಲ್ಲಿ ದೇಕಬ್ಬೆಯ ಶಾಸನವಿದೆ. ಅದರ ಕಾಲ ಕ್ರಿ.ಶ. 1057. ಸಹಗಮನ ಮಾಡಿದ ಈ ಹೆಣ್ಣುಮಗಳನ್ನು ಶಾಸನ ಎರಡೂ ಕಡೆಯಿಂದ ಗುರುತಿಸುತ್ತದೆ. ತಂದೆ ನುಗುನಾಡಿನ ರವಿಗ, ಗಂಡ ನವಲೆನಾಡಿನ ಏಚ. ಸುಮಾರು ಒಂಬೈನೂರ ಎಪ್ಪತ್ತು ವರ್ಷಗಳ ಮೇಲೂ ಅವಳ ತವರು ಯಾವುದೆಂದು ನಾವು ಹೇಳಬಲ್ಲೆವು. ನಮ್ಮ ಜಮೀನಿನ ಕಾಗದಗಳಲ್ಲಿ ಗಂಡಸಿಗೆ 'ಬಿನ್' ಎಂದು ತಂದೆಯ ಹೆಸರನ್ನೂ ಮದುವೆಯಾದ ಹೆಂಗಸಿಗೆ 'ಕೋಂ' ಎಂದು ಗಂಡನ ಹೆಸರನ್ನೂ ಬರೆಯುವ ವಾಡಿಕೆ. ತವರಿನ ಅಕ್ಷರಗಳು ಅಲ್ಲಿ ಬಿದ್ದುಹೋಗುತ್ತವೆ. ಅಜ್ಜಿಯ ತವರೂರು ಯಾವುದೆಂಬ ಪ್ರಶ್ನೆಗೆ ಎಷ್ಟು ಮನೆಗಳಲ್ಲಿ ಉತ್ತರ ಸಿಕ್ಕೀತು?

ಇತರರನ್ನು ಆಕ್ಷೇಪಿಸುವ ಮೊದಲು ನನ್ನ ತಪ್ಪನ್ನೂ ಹೇಳಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಹುಡುಗನ ವರ್ಗಾವಣೆ ಪತ್ರ ಬರೆಯುವಾಗ, ಹೆಸರು ಉದ್ದವಾಯಿತೆಂದು ಮೊದಲ ಅಕ್ಷರವನ್ನು ಬಿಟ್ಟುಬಿಟ್ಟೆ. ವಾರದ ಮೇಲೆ ಅವನ ತಂದೆ ಕೋಟೆ ಕಡೆಯಿಂದ ಬಸ್ಸು ಹತ್ತಿ ಬಂದರು. ಬೈಯಲಿಲ್ಲ. "ಮೇಷ್ಟ್ರೇ, ಆ ಊರು ಕಬಿನಿ ನೀರಲ್ಲಿ ಹೋಯ್ತು. ಹೆಸರಲ್ಲಾದ್ರೂ ಇರ್ಲಿ ಅಂತ ಇಟ್ಕೊಂಡಿದ್ವಿ" ಎಂದರು. ಬೀಚನಹಳ್ಳಿಯ ಕಬಿನಿ ಅಣೆಕಟ್ಟೆ 1974ರಲ್ಲಿ ಮುಗಿಯಿತು. ಹಿನ್ನೀರಿನಲ್ಲಿ ಹೊಲ, ಮನೆ, ಗುಡಿ ಮುಳುಗಿದವರಿಗೆ ಆ ಒಂದಕ್ಷರವೇ ಊರು. ಅಂದೇ ಪತ್ರವನ್ನು ತಿದ್ದಿಸಿಕೊಟ್ಟೆ. ಅಲ್ಲಿಂದೀಚೆಗೆ ಯಾರ ಹೆಸರಿನಿಂದಲೂ ಅಕ್ಷರ ತೆಗೆದಿಲ್ಲ.

ಹಿಂದೆ ಹೆಳವರು ಎತ್ತಿನೊಡನೆ ಊರೂರು ತಿರುಗಿ, ಮನೆಯ ಮುಂದೆ ನಿಂತು ತಲೆಮಾರುಗಳ ಹೆಸರು ಹೇಳಿ ದವಸ ಪಡೆದು ಹೋಗುತ್ತಿದ್ದರು. ಅವರ ಬರವು ಈಗ ಅಪರೂಪ. ಆ ಕೆಲಸವನ್ನು ಮನೆಯವರೇ ಮಾಡಿಕೊಳ್ಳಬೇಕಾಗಿದೆ. ಇದಕ್ಕೆ ಬೇಕಾದದ್ದು ನೂರು ಹಾಳೆಯ ಒಂದು ಪುಸ್ತಕ. ಮೊದಲ ಹಾಳೆಯಲ್ಲಿ ಮನೆಯವರ ಹೆಸರುಗಳನ್ನು ಅಕ್ಷರಗಳನ್ನು ಬಿಡಿಸಿ ಪೂರ್ತಿಯಾಗಿ ಬರೆಯಿರಿ. ಆಮೇಲೆ ತಾತ, ಮುತ್ತಾತ, ಅವರ ಊರು, ಆ ಊರನ್ನು ಬಿಟ್ಟ ಕಾರಣ. ಮೊಮ್ಮಗನಿಗೆ ತಾತನ ಹೆಸರಿಡುವ ರೂಢಿಯಿರುವುದರಿಂದ ಒಂದೇ ಹೆಸರಿನವರು ಇಬ್ಬರು ಮೂವರು ಬಂದಾರು. ಪಹಣಿಯಲ್ಲಿರುವಂತೆ 'ಬಿನ್' ಹಾಕಿ ಬೇರ್ಪಡಿಸಿರಿ. ಪ್ರತಿ ಹೆಂಗಸಿನ ಹೆಸರಿನ ಪಕ್ಕದಲ್ಲಿ ತವರೂರನ್ನು ಮರೆಯಬೇಡಿರಿ. ಹಿರಿಯರು ಹೇಳುವಾಗಲೇ ಬರೆದುಕೊಳ್ಳುವುದು ಮುಖ್ಯ. ನಾಳೆ ಕೇಳೋಣವೆಂದರೆ ನಾಳೆಗೆ ಹೇಳುವವರು ಇರಬೇಕಲ್ಲ.

ಅಂದು ತಲೆ ಕೆರೆದುಕೊಂಡ ಹುಡುಗ ನಾಲ್ಕು ದಿನದ ಮೇಲೆ ಪಾಠದ ನಡುವೆಯೇ ಕೈಯೆತ್ತಿದ. "ಹನಗೋಡು, ಸಾರ್. ಚಿಕ್ಕಜ್ಜಿ ಹೇಳಿದ್ರು" ಎಂದ. ಕಪ್ಪುಹಲಗೆಯ ಮೇಲೆ ಅಂಕಿತನಾಮದ ಸಾಲಿನಲ್ಲಿ ಆ ಹೆಸರನ್ನೂ ಬರೆದು ಪಾಠ ಮುಂದುವರಿಸಿದೆ.