ಸೇಂದಿ ಥಟ್ಟನೆ ನಿಂತಾಗ

ತೆಲಂಗಾಣದ ಕರ್ನಾಟಕ ಗಡಿಭಾಗದ ದಾಮರಗಿದ್ದದ ನಮ್ಮ ಹಿರಿಯರಿಗೆ ಸೇಂದಿ ಅಂದರೆ ಈಚಲ ಮರದ ರಸ. ನಸುಕಿನಲ್ಲಿ ಗಡಿಗೆ ಇಳಿಸಿದಾಗ ಸಿಹಿ, ಬಿಸಿಲೇರಿದಂತೆ ಹುಳಿ. ಮರ ಸಾಲದೆ ಬೇಡಿಕೆ ಮಾತ್ರ ಉಳಿದಾಗ, ಆಗಿನ ಮಹಬೂಬನಗರ ಜಿಲ್ಲೆಯಲ್ಲಿ ಸೇಂದಿಗೆ ಕ್ಲೋರಲ್ ಹೈಡ್ರೇಟ್, ಡಯಾಜೆಪಾಮ್, ಆಲ್ಪ್ರಜೋಲಾಮ್ ಬೆರೆಸುವ ದಂಧೆ ಬೆಳೆಯಿತು. ಕೂಲಿ ಮುಗಿಸಿ ಬಂದ ಗಂಡಸರು, ಹೆಂಗಸರು ತಮಗರಿವಿಲ್ಲದೆ ಈ ನಿದ್ದೆಮದ್ದುಗಳಿಗೆ ಅಂಟಿಕೊಂಡರು.

2015ರಲ್ಲಿ ತೆಲಂಗಾಣ ಸರಕಾರ ಕಲಬೆರಕೆಯ ಮೇಲೆ ದಾಳಿ ಬಿಗಿಮಾಡಿತು. ಕುಡಿಯುವವರಿಗೆ ಮದ್ದು ಥಟ್ಟನೆ ತಪ್ಪಿತು. ಕೈನಡುಕ, ನಿದ್ದೆಗೇಡು, ಫಿಟ್ಸ್, ಇಲ್ಲದ್ದನ್ನು ಕಂಡು ಬೆಚ್ಚುವುದು ಶುರುವಾಯಿತು. ಮಹಬೂಬನಗರ, ನಿಜಾಮಾಬಾದ್ ಜಿಲ್ಲೆಗಳಲ್ಲಿ ನೂರಾರು ಜನ ಆಸ್ಪತ್ರೆ ಸೇರಿದರು. ಹೈದರಾಬಾದಿನ ಎರ್ರಗಡ್ಡ ಮಾನಸಿಕ ಆಸ್ಪತ್ರೆಯೂ ತುಂಬಿತು. ಸಾವುಗಳೂ ವರದಿಯಾದವು.

ನರ್ಸ್ ಆಗಿ ನಾನು ಹೇಳುವುದಿಷ್ಟು: ಇಂಥ ಮದ್ದನ್ನು ಒಮ್ಮೆಲೇ ಬಿಡಿಸಬಾರದು. ವೈದ್ಯರ ನಿಗಾದಲ್ಲಿ, ವಾರಗಟ್ಟಲೆ, ಪ್ರಮಾಣ ಇಳಿಸುತ್ತ ಬರಬೇಕು. ಕಲಬೆರಕೆ ನಿಲ್ಲಲೇಬೇಕು. ಆದರೆ ದಾಳಿಗೆ ಮುಂಚೆ ಊರಿನ ಆರೋಗ್ಯ ಕೇಂದ್ರದಲ್ಲಿ ಮಾತ್ರೆ, ಹಾಸಿಗೆ, ಕನ್ನಡ–ತೆಲುಗು ಎರಡರಲ್ಲೂ ಸಮಾಧಾನ ಹೇಳುವವರು ಸಿದ್ಧವಿರಬೇಕು. ಕುಡಿದವರು ಅಪರಾಧಿಗಳಲ್ಲ, ರೋಗಿಗಳು. ಮೊದಲ ಬಾಗಿಲು ಅವರಿಗೆ ಆಸ್ಪತ್ರೆಯದ್ದೇ ಆಗಬೇಕು.